ಮೂಕಿ ಚಿತ್ರಕ್ಕೆ ಮಾತು ಕೊಟ್ಟವಳು

ಹೋದ ಭಾನುವಾರ ನಮ್ಮ ಮನೆಯಲ್ಲಿ ‘ಶಿರಾಜ್’ ನೋಡಿದೆವು. 1928ರ ಮೂಕಿ ಚಿತ್ರ. ತಾಜ್ ಮಹಲ್ ಹುಟ್ಟಿದ ಕಥೆ. ನಿರ್ದೇಶಕರು ಜರ್ಮನಿಯ ಫ್ರಾಂಜ್ ಓಸ್ಟೆನ್. ಶಿರಾಜ್ ಪಾತ್ರ ಹಿಮಾಂಶು ರಾಯ್ ಅವರದು.

“ಮಾತೂ ಇಲ್ಲ, ಬಣ್ಣವೂ ಇಲ್ಲ. ಇದನ್ನ ಹೇಗೆ ನೋಡೋದು ತಾತ?” ಎಂದು ಆರನೇ ತರಗತಿಯ ಮೊಮ್ಮಗಳು ಮುಖ ಸಿಂಡರಿಸಿದಳು.

ಮೂಕಿ ಚಿತ್ರದಲ್ಲಿ ಮಾತಿನ ಬದಲು ನಡುನಡುವೆ ಬರಹ ಬರುತ್ತದೆ. ಅದು ಇಂಗ್ಲಿಷಿನಲ್ಲಿತ್ತು. ಅವಳ ಅಜ್ಜಿಗೆ ಇಂಗ್ಲಿಷ್ ಬಾರದು, ಜೊತೆಗೆ ಕಣ್ಣಿಗೆ ಪೊರೆ. “ಏನಂತೆ ಪುಟ್ಟಿ?” ಎಂದು ಅಜ್ಜಿ ಕೇಳಿದರು. ಪುಟ್ಟಿ ಬೇಸರದಿಂದಲೇ ಕನ್ನಡದಲ್ಲಿ ಹೇಳತೊಡಗಿದಳು.

ಕುಂಬಾರನ ಮನೆಯಲ್ಲಿ ಬೆಳೆದ ಸಲೀಮಾಳನ್ನು ದುಷ್ಟರು ಹೊತ್ತೊಯ್ದು ಮಾರುತ್ತಾರೆ. ಅವಳು ರಾಜಕುಮಾರ ಖುರ್ರಮನ ಅರಮನೆ ಸೇರುತ್ತಾಳೆ. ಕುಂಬಾರನ ಮಗ ಶಿರಾಜ್ ಅವಳನ್ನು ಹುಡುಕಿಕೊಂಡು ಹೊರಡುತ್ತಾನೆ. ಅಷ್ಟು ಹೊತ್ತಿಗೆ ಪುಟ್ಟಿಯ ದನಿ ಬದಲಾಗಿತ್ತು. ರಾಜನಿಗೊಂದು ದನಿ, ದಾಸಿಗೊಂದು ದನಿ!

ಶಿರಾಜನನ್ನು ಆನೆಯ ಕಾಲಡಿ ಕೆಡವಿದಾಗ ಪುಟ್ಟಿ ಹೇಳುವುದನ್ನೇ ಮರೆತಳು. ಅಜ್ಜಿ ಏನೂ ಕೇಳಲಿಲ್ಲ. ಇಬ್ಬರೂ ಕೈ ಕೈ ಹಿಡಿದು ಕುಳಿತಿದ್ದರು.

ಕೊನೆಯಲ್ಲಿ ಕಣ್ಣು ಕಳೆದುಕೊಂಡ ಮುದಿ ಶಿರಾಜ್ ತಾಜ್ ಮಹಲಿನ ಮಾದರಿ ಮಾಡುತ್ತಾನೆ. “ಕಣ್ಣಿಲ್ಲದೆ ಹೇಗೆ ಮಾಡಿದ?” ಎಂದಳು ಪುಟ್ಟಿ. “ಕೈಗೆ ನೆನಪಿರುತ್ತೆ ಕಣೇ. ನಾನು ಸಾರಿಗೆ ಉಪ್ಪು ಹಾಕೋದೂ ಹಾಗೇ” ಎಂದರು ಅಜ್ಜಿ.

ಆಮೇಲೆ ಪುಟ್ಟಿ ಕೇಳಿದಳು, “ಇದೆಲ್ಲಾ ನಿಜವಾ ತಾತ?”

ಅಲ್ಲ. ಮುಮ್ತಾಜಳ ಮೊದಲ ಹೆಸರು ಅರ್ಜುಮಂದ್ ಬಾನು. ಆಸಫ್ ಖಾನ್ ಎಂಬ ದೊಡ್ಡ ಅಧಿಕಾರಿಯ ಮಗಳು, ಕುಂಬಾರನ ಮನೆಯಲ್ಲಿ ಬೆಳೆದವಳಲ್ಲ. 1631ರಲ್ಲಿ ಬುರ್ಹಾನ್‌ಪುರದಲ್ಲಿ ತೀರಿಕೊಂಡಳು. ತಾಜ್ ಮಹಲಿನ ಮುಖ್ಯ ವಾಸ್ತುಶಿಲ್ಪಿ ಎಂದು ಸಾಮಾನ್ಯವಾಗಿ ಹೇಳುವುದು ಉಸ್ತಾದ್ ಅಹ್ಮದ್ ಲಾಹೋರಿಯ ಹೆಸರನ್ನು.

ಪುಟ್ಟಿಯ ಮುಖ ಬಾಡಿತು. “ಹಾಗಾದ್ರೆ ಅಜ್ಜಿಗೆ ನಾನು ಸುಳ್ಳು ಹೇಳಿದೆನಾ?”

“ಸುಳ್ಳಲ್ಲ, ಕಥೆ ಹೇಳಿದೆ. ಕಥೆ ಮುಗಿದ ಮೇಲೆ ನಿಜವಾ ಅಂತ ಕೇಳಿದೆಯಲ್ಲ, ಅದು ಇನ್ನೂ ಒಳ್ಳೆಯದು” ಎಂದೆ.

ಹಿಂದೆ ಮೂಕಿ ಚಿತ್ರ ತೋರಿಸುವಾಗ ಪರದೆಯ ಪಕ್ಕ ನಿಂತು ಕಥೆ ಹೇಳುವವರು ಇರುತ್ತಿದ್ದರು. ಓದು ಬಾರದ ಪ್ರೇಕ್ಷಕರಿಗೆ ಅವರೇ ಆಸರೆ. ನಮ್ಮ ಮನೆಯಲ್ಲಿ ಆ ಕೆಲಸ ಪುಟ್ಟಿಯದಾಯಿತು. ದಿನವೂ ಮಾತಿನ ಚಿತ್ರ ನೋಡುವಾಗ ನಾವು ಮೂವರೂ ಬಾಯಿ ಮುಚ್ಚಿಕೊಂಡಿರುತ್ತೇವೆ. ಅಂದು ಚಿತ್ರ ಸುಮ್ಮನಿತ್ತು, ಮನೆ ಮಾತಾಡಿತು.

ಮಕ್ಕಳೇ, ಈ ಭಾನುವಾರ ನಿಮ್ಮ ಅಜ್ಜಿ-ತಾತನಿಗೂ ಒಂದು ಮೂಕಿ ಚಿತ್ರಕ್ಕೆ ಮಾತು ಕೊಡುತ್ತೀರಾ?