ಸೇಡಂ ರಸ್ತೆಯ ಪಾನಗೋಷ್ಠಿ

ಮಹಾಕಾವ್ಯದ ಅಷ್ಟಾದಶ ವರ್ಣನೆಗಳಲ್ಲಿ ಮಧುಪಾನವೂ ಒಂದೆಂಬುದನ್ನು ಎಂಟು ವರ್ಷಗಳಿಂದ ಬೋಧಿಸುತ್ತ ಬಂದಿದ್ದೇನೆ. ಪಂಪಭಾರತದ ನಾಲ್ಕನೆಯ ಆಶ್ವಾಸದ ಪಾನಗೋಷ್ಠಿಯನ್ನು ನಾನು ವಿವರಿಸುವ ಭರಾಟೆಯನ್ನು ಕಂಡು, ಹಿಂದಿನ ಬೆಂಚಿನ ಹುಡುಗನೊಬ್ಬ, “ಸರ, ನೀವು ಹೆಂಡ ನೋಡೀರೇನ್ರಿ?” ಎಂದು ಕೇಳಿಬಿಟ್ಟ. ತರಗತಿ ನಕ್ಕಿತು. ನೋಡಿರಲಿಲ್ಲವೆಂಬುದೇ ಸತ್ಯ.

ಆದುದರಿಂದ ಮಾಗಿಯ ಒಂದು ಭಾನುವಾರ, ಇನ್ನೂ ನಕ್ಷತ್ರಗಳಿರುವಾಗಲೇ, ಇಬ್ಬರು ಮಿತ್ರರೊಡನೆ ಕಲಬುರಗಿಯ ಸೇಡಂ ರಸ್ತೆಯನ್ನು ಹಿಡಿದೆ. ನೃಪತುಂಗನ ಮಳಖೇಡಕ್ಕೆ ಕತ್ತಲಲ್ಲಿಯೇ ಕೈಮುಗಿದು, ಸೇಡಮ್ಮನ್ನು ಹಿಂದಿಕ್ಕಿ, ತೆಲಂಗಾಣದ ಗಡಿಯನ್ನು ದಾಟಿದೆವು. ದಾಟಲೇಬೇಕಿತ್ತು. ನಮ್ಮ ಕಡೆ ಸೇಂದಿ ಮೊದಲೇ ನಿಂತಿತ್ತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು. ಗಡಿಯಾಚೆ ಸೇಂದಿಗೆ ಪರವಾನಗಿಯುಂಟು. ಆ ಕೊಡಂಗಲ್, ತಾಂಡೂರುಗಳು 1956ರ ವರೆಗೆ ನಮ್ಮ ಜಿಲ್ಲೆಯವೇ ಆಗಿದ್ದುವು. ರಾಜ್ಯಗಳು ಬೇರೆಯಾದ ಸುದ್ದಿ ಈಚಲ ಮರಗಳಿಗೆ ಮುಟ್ಟಿದಂತಿಲ್ಲ.

ವನದಲ್ಲಿ ನಮ್ಮನ್ನು ಬರಮಾಡಿಕೊಂಡವನು ಸೇಡಂ ಕಡೆಯ ಈಳಿಗೇರ ವೃದ್ಧ. ಕಸುಬು ನಿಂತ ಮೇಲೆ ಹೆಂಡತಿಯ ಊರಿಗೆ ಬಂದು ನೆಲಸಿದವನು. “ಗಿಡ ಅಲ್ಲೂ ಅದಾವ್ರಿ ಸರ, ಏರೂ ಹಂಗಿಲ್ಲ ಅಷ್ಟೆ,” ಎಂದ. ಸೊಂಟಕ್ಕೆ ಹಗ್ಗ ಬಿಗಿದು ಸರಸರನೆ ಏರಿ, ಸಂಜೆ ಕಟ್ಟಿದ್ದ ಗಡಿಗೆಯನ್ನು ಇಳಿಸಿದ. ಗರಿಗಳ ಬುಡದಲ್ಲಿ ಕೆತ್ತಿದ ಗಾಯದಿಂದ ಇರುಳೆಲ್ಲ ತೊಟ್ಟಿಕ್ಕಿದ ರಸವದು. ಗಡಿಗೆಯ ಒಳಮೈಗೆ ಸುಣ್ಣ ಬಳಿದಿದ್ದರೆ ಅದು ಹುದುಗದೆ ಸಿಹಿಯಾದ ನೀರಾ ಆಗುತ್ತಿತ್ತು. ಬಳಿಯದಿದ್ದರೆ, ಗಾಳಿಯಿಂದಲೂ ಗಡಿಗೆಯಿಂದಲೂ ಸೇರಿದ ಹುದುಗಿನ ಅಣುಜೀವಿಗಳು ಸಕ್ಕರೆಯನ್ನು ಮದ್ಯವನ್ನಾಗಿಸುತ್ತವೆ. ಕುಲುಮೆಯಿಲ್ಲ, ಹಂಡೆಯಿಲ್ಲ; ಮರದ ಮೇಲೆಯೇ ಕಾರ್ಖಾನೆ! ನೊರೆ ಸಣ್ಣಗೆ ಸಿಡಿಯುವ ಸದ್ದನ್ನು ಕಿವಿಯಿಟ್ಟು ಆಲಿಸಿದೆ.

“ಈಗ ಸಿಹಿ, ಸಂಜೀಕ ಹುಳಿ. ಪ್ಯಾಟ್ಯಾಗ ಮಾತ್ರ ಕುಡೀಬ್ಯಾಡ್ರಿ, ಪುಡಿ ಕಲಸತಾರ,” ಎಂದು ಎಚ್ಚರಿಸಿದ. ಕ್ಲೋರಲ್ ಹೈಡ್ರೇಟಿನಂತಹ ಮಂಪರಿನ ಮದ್ದು ಬೆರೆಸಿದ ಸೇಂದಿ ಅಲ್ಲಿ ಎಷ್ಟೋ ಮನೆಗಳನ್ನು ಹಾಳುಮಾಡಿದೆ.

ಮೂರು ಲೋಟಗಳು ತುಂಬಿದುವು. ನಾನೊಂದು ಗುಟುಕು ಕುಡಿದೆ. ಎಳನೀರಿಗೆ ಹುಳಿ ಮಜ್ಜಿಗೆ ಬೆರೆಸಿದಂತಿತ್ತು. ಮಿತ್ರರಲ್ಲೊಬ್ಬರು ಮಾತ್ರ ಲೋಟವನ್ನು ಬಹಳ ಹೊತ್ತು ಹಿಡಿದಿದ್ದು, ನೆಲದ ಮೇಲಿಟ್ಟರು. “ನಮ್ಮಪ್ಪ ಸೇಂದಿಯಿಂದ ಸುರು ಮಾಡಿ ಸಾರಾಯಿಗೆ ಹೋದರು. ನಾನಾಗ ಎಂಟನೆಯ ಇಯತ್ತೆ,” ಎಂದರು. ಹದಿನೈದು ವರ್ಷಗಳ ಸ್ನೇಹದಲ್ಲಿ ಈ ಮಾತನ್ನು ಅವರು ಆಡಿರಲಿಲ್ಲ.

ವೃದ್ಧ ಆ ಲೋಟವನ್ನೆತ್ತಿ ಮತ್ತೆ ಗಡಿಗೆಗೆ ಸುರಿದ. “ನಾನೂ ಕುಡ್ಯಾಂಗಿಲ್ರಿ ಸಾಹೇಬ್ರ. ಗಿಡ ಏರಾಂವ ಕುಡದ್ರ ಹೆಂಗ್ರಿ?” ಎಂದು ನಕ್ಕ. ಹನ್ನೆರಡನೆಯ ಶತಮಾನದ ಶರಣ ಹೆಂಡದ ಮಾರಯ್ಯನ ಹೆಸರನ್ನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೆನೋ! ಅಂಥವನೊಬ್ಬನ ಮುಖವನ್ನು ಅಂದು ಕಂಡೆ.

ಹಿಂದಿರುಗುವಾಗ ಮಳಖೇಡದ ಕೋಟೆಗೆ ಬಿಸಿಲು ಬಿದ್ದಿತ್ತು. ಸೇಂದಿಯ ನಿಷೇಧ ಸರಿಯೆ ತಪ್ಪೆ ಎಂದು ಹೊರಡುವಾಗ ವಾದಿಸಿದ್ದ ನಾವು ಮೂವರೂ ಮೌನವಾಗಿದ್ದೆವು. ವೃದ್ಧನ ಅನ್ನವೂ ಮಿತ್ರರ ತಂದೆಯ ಪ್ರಾಣವೂ ಒಂದೇ ಗಡಿಗೆಯಲ್ಲಿದ್ದುವಷ್ಟೆ.

ಸೋಮವಾರ ಆ ಹುಡುಗನಿಗೆ, “ನೋಡಿ ಬಂದೆನಪ್ಪ,” ಎಂದೆ. “ಹೆಂಗಿತ್ರಿ?” ಎಂದ. ಪಂಪನನ್ನು ಬದಿಗಿರಿಸಿ, ಆ ತಾಸನ್ನೆಲ್ಲ ಈಳಿಗೇರನ ಮಾತಿಗೇ ಕೊಟ್ಟೆ.