ಅಳತೆ ಮೊದಲು, ಅಂಗಡಿ ಆಮೇಲೆ

ನಮ್ಮ ಗಡಿನಾಡಿನಲ್ಲಿ ಹಳೆಯ ಕಾರೊಂದರ ಎಂಜಿನು ಹೊಗೆ ಬಿಡತೊಡಗಿತೆಂದರೆ ಮೊದಲು ನಡೆಯುವ ಕೆಲಸವೇನು? ಗಾಡಿಯ ಯಜಮಾನರು ಮಡಕಶಿರದ ಬಸ್ಸು ಹತ್ತುತ್ತಾರೆ. ಅಲ್ಲಿ ಸಾಮಾನು ಸಿಗಲಿಲ್ಲವೆಂದರೆ ಹಿಂದೂಪುರ, ಅಲ್ಲಿಯೂ ಆಗಲಿಲ್ಲವೆಂದರೆ ಶಿರಾ, ಕೊನೆಗೆ ಬೆಂಗಳೂರಿನ ಜೆ.ಸಿ. ರಸ್ತೆ. ರಾತ್ರಿಯ ಹೊತ್ತಿಗೆ ಒಂದು ಚೀಲದ ತುಂಬ ಸಾಮಾನು ಮನೆಗೆ ಬರುತ್ತದೆ. ಎಂಜಿನು ಮಾತ್ರ ಇನ್ನೂ ಗಾಡಿಯಲ್ಲೇ ಇರುತ್ತದೆ. ಅದರ ಹೆಡ್ಡನ್ನು ಯಾರೂ ಬಿಚ್ಚಿ ನೋಡಿರುವುದಿಲ್ಲ. ಈ ಕ್ರಮ ತಲೆಕೆಳಗಾದುದು ಎಂದು ನಮ್ಮ ಅಭಿಪ್ರಾಯ.

ಇದನ್ನು ನಾವು ದೂರದಿಂದ ನೋಡಿ ಹೇಳುತ್ತಿರುವುದಲ್ಲ. ನಮ್ಮ ಮನೆಯ ಡೀಸೆಲ್ ಅಂಬಾಸಡರಿನ ಎಂಜಿನನ್ನು ಮೊದಲ ಸಲ ಇಳಿಸಿದಾಗ ನಾವೂ ಹೀಗೆಯೇ ಮಾಡಿದೆವು. ಒಂದು ಬೆಳೆ ರೇಷ್ಮೆಗೂಡು ಮಾರಿದ ಹಣದಲ್ಲಿ ಅರ್ಧ ಕೊಟ್ಟು ಪಿಸ್ಟನ್ನು, ರಿಂಗು, ಬೇರಿಂಗುಗಳ ಪೂರ್ತಿ ಸೆಟ್ಟು ತಂದಿಟ್ಟುಕೊಂಡು, ಆಮೇಲೆ ಪಾನಾ ಹಿಡಿದೆವು. ಹೆಡ್ಡು ಬಿಚ್ಚಿ ಪಿಸ್ಟನ್ನಿನ ನೆತ್ತಿಯ ಮಸಿ ಕೆರೆದಾಗ 020 ಎಂಬ ಅಂಕಿ ಕಂಡಿತು. ಹಿಂದಿನ ಯಜಮಾನರು ಎಂದೋ ಬೋರು ಮಾಡಿಸಿ 20 ಸೈಜಿನ ಪಿಸ್ಟನ್ನು ಹಾಕಿಸಿದ್ದರು. ನಾವು ತಂದದ್ದು ಸ್ಟ್ಯಾಂಡರ್ಡ್. ಅಂಗಡಿಯವರು ಒಡೆದ ಡಬ್ಬಿಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ನಾವು ಕೇಳಿದ್ದನ್ನೇ ಅವರು ಕೊಟ್ಟಿದ್ದರಾದ್ದರಿಂದ ಅವರನ್ನು ದೂರುವಂತೆಯೂ ಇರಲಿಲ್ಲ. ಆ ರಿಂಗುಗಳು ಇಂದಿಗೂ ನಮ್ಮ ಅಟ್ಟದ ಮೇಲಿವೆ.

ನಮ್ಮ ರೈತರಿಗೆ ಎಂಜಿನು ಹೊಸದಲ್ಲ. 2004ರಲ್ಲಿ ಆಂಧ್ರದಲ್ಲಿ ಕೃಷಿಗೆ ಉಚಿತ ವಿದ್ಯುತ್ತು ಬರುವ ಮುಂಚೆ ಎಷ್ಟೋ ಬಾವಿಗಳ ದಡದಲ್ಲಿ ಆಯಿಲ್ ಎಂಜಿನುಗಳು ಟಕಟಕ ಎನ್ನುತ್ತಿದ್ದವು. ಹುಣಿಸೆಮರದ ಕೆಳಗೆ ಗೋಣಿತಟ್ಟು ಹಾಸಿ, ಹೊಸ ರಿಂಗು ತೊಡಿಸಿ, ಸಂಜೆಗೆ ನೀರೆತ್ತಿದವರು ನಮ್ಮಲ್ಲಿ ಬೇಕಾದಷ್ಟು ಮಂದಿ. ತೊಂದರೆ ಬಂದಿರುವುದೇ ಈ ಅನುಭವದಿಂದ. ಆ ಲಿಸ್ಟರ್ ಮಾದರಿಯ ಎಂಜಿನು ನಿಮಿಷಕ್ಕೆ 650 ಸುತ್ತು ತಿರುಗುವ ನಿಧಾನಿ. ಅದರಲ್ಲಿ ಸ್ವಲ್ಪ ಹೆಚ್ಚುಕಡಮೆಯಾದರೂ ನಡೆಯುತ್ತಿತ್ತು. ಕಾರಿನ ಎಂಜಿನು ಮೂರು ನಾಲ್ಕು ಸಾವಿರ ಸುತ್ತು ತಿರುಗುತ್ತದೆ. ಅಲ್ಲಿ ತಲೆಗೂದಲಿನ ದಪ್ಪದಷ್ಟು ತಪ್ಪಾದರೂ ಬೇರಿಂಗು ಸುಟ್ಟುಹೋಗುತ್ತದೆ. ಬಾವಿಯ ಎಂಜಿನು ನಿಂತರೆ ಒಂದು ದಿನದ ನೀರು ಹೋಯಿತು. ಹೆರಿಗೆ ನೋವಿನ ಹೆಂಗಸನ್ನು ಕೂರಿಸಿಕೊಂಡು ನಡುರಾತ್ರಿ ಹಿಂದೂಪುರಕ್ಕೆ ಹೊರಟ ಗಾಡಿ ದಾರಿಯಲ್ಲಿ ನಿಂತರೆ ಏನಾದೀತೆಂದು ನಾವು ಹೇಳಬೇಕಾಗಿಲ್ಲ.

ಮೊದಲನೆಯ ಪ್ರಶ್ನೆ, ಎಂಜಿನು ಇಳಿಸುವ ಅಗತ್ಯವಾದರೂ ಇದೆಯೇ ಎಂಬುದು. ಹೊಗೆಯ ಬಣ್ಣ ನೋಡಿರಿ. ಕಪ್ಪು ಹೊಗೆಯಾದರೆ ಡೀಸೆಲ್ ಹೆಚ್ಚಾಗಿದೆ ಅಥವಾ ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರು, ಇಂಜೆಕ್ಟರು, ಪಂಪು ನೋಡಿಸಿದರೆ ಎಷ್ಟೋ ವೇಳೆ ಅಲ್ಲಿಗೇ ಮುಗಿಯುತ್ತದೆ. ಬೆಳಗಿನ ಚಳಿಯಲ್ಲಿ ಮಾತ್ರ ಸ್ಟಾರ್ಟ್ ಆಗದಿದ್ದರೆ ಹೀಟರ್ ಪ್ಲಗ್ಗು ಸತ್ತಿರಬಹುದು. ನೀಲಿ ಹೊಗೆ ಬಂದು, ಆಯಿಲ್ ಹಾಕುವ ಬಾಯಿಯಿಂದ ಗಾಳಿ ಬುಸುಗುಟ್ಟುತ್ತಿದ್ದು, ಎಂಜಿನು ಕಾದ ಮೇಲೆ ಆಯಿಲ್ ಪ್ರೆಷರು ಬಿದ್ದುಹೋಗುತ್ತಿದ್ದರೆ ಆಗ ಇಳಿಸುವ ಮಾತು. ಅದಕ್ಕೂ ಮುಂಚೆ ನಾಲ್ಕು ಸಿಲಿಂಡರುಗಳ ಕಂಪ್ರೆಷನ್ನನ್ನು ಗೇಜಿನಿಂದ ನೋಡಿಸಿ ಬರೆದಿಟ್ಟುಕೊಳ್ಳುವುದು ಒಳ್ಳೆಯದು.

ಗಾಡಿಯ ಆರ್.ಸಿ. ಪುಸ್ತಕವನ್ನೂ ಆಗಲೇ ತೆಗೆದು ನೋಡಿರಿ. ಅಂಬಾಸಡರಿನ ತಯಾರಿಕೆ 2014ರ ಮೇ ತಿಂಗಳಲ್ಲಿ ಉತ್ತರಪಾಡಾದಲ್ಲಿ ನಿಂತಿತು. ನಮ್ಮ ಕಡೆಯ ಗಾಡಿಗಳು ಬಹುಪಾಲು ಅದಕ್ಕಿಂತ ಎಷ್ಟೋ ಹಳೆಯವು. 15 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರ ಆಗಸ್ಟ್‌ನಲ್ಲಿ 10,000 ರೂಪಾಯಿ ಆಯಿತು. ಚಾಸಿಸ್ಸಿಗೆ ತುಕ್ಕು ಹಿಡಿದು ಎಫ್.ಸಿ. ಆಗುವ ಭರವಸೆಯಿಲ್ಲದ ಗಾಡಿಗೆ ಹೊಸ ಪಿಸ್ಟನ್ನು ಹಾಕಿಸುವುದು, ಬತ್ತಿದ ಬಾವಿಗೆ ಹೊಸ ಮೋಟಾರು ಇಳಿಸಿದ ಹಾಗೆ.

ಇಷ್ಟೆಲ್ಲ ನೋಡಿ ಇಳಿಸಿಯೇ ಇಳಿಸುತ್ತೇವೆಂದು ನಿಶ್ಚಯವಾದರೆ, ಬಿಚ್ಚಿದ್ದನ್ನೆಲ್ಲ ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆದು ಒರೆಸಿ, ಬ್ಲಾಕನ್ನೂ ಕ್ರ್ಯಾಂಕನ್ನೂ ಲೇತ್ ಕೆಲಸದವರ ಬಳಿಗೆ ಒಯ್ಯಿರಿ. ಕಣ್ಣಳತೆ ಇಲ್ಲಿ ಸಲ್ಲದು. ಅಂಬಾಸಡರಿನ 1489 ಸಿ.ಸಿ. ಡೀಸೆಲ್ ಎಂಜಿನಿನ ಬೋರು ಹೊಸದಾಗಿದ್ದಾಗ 73.025 ಮಿಲಿಮೀಟರು, ಎಂದರೆ ಎರಡು ಮುಕ್ಕಾಲರ ಮೇಲೆ ಅರೆಪಾವು ಅಂಗುಲ. ಸಿಲಿಂಡರು ಒಂದೇ ಸಮನಾಗಿ ಸವೆಯುವುದಿಲ್ಲ. ಮೇಲಿನ ರಿಂಗು ಓಡಾಡುವ ಕಡೆ ಹೆಚ್ಚು, ಕೆಳಗೆ ಕಡಮೆ. ಪಿಸ್ಟನ್ನು ಒತ್ತುವ ಪಕ್ಕಕ್ಕೆ ಹೆಚ್ಚು, ಅದಕ್ಕೆ ಅಡ್ಡವಾಗಿ ಕಡಮೆ. ಆದುದರಿಂದ ಪ್ರತಿ ಸಿಲಿಂಡರನ್ನೂ ಮೇಲೆ, ನಡುವೆ, ಕೆಳಗೆ, ಎರಡೆರಡು ದಿಕ್ಕಿನಲ್ಲಿ ಅಳೆಯಿಸಿ, ಆರು ಅಂಕಿಗಳನ್ನೂ ಕಾಗದದ ಮೇಲೆ ಬರೆಯಿಸಿಕೊಳ್ಳಬೇಕು. ಕ್ರ್ಯಾಂಕಿನ ಜರ್ನಲ್ಲುಗಳನ್ನೂ ಹಾಗೆಯೇ ಮೈಕ್ರೋಮೀಟರಿನಲ್ಲಿ ನೋಡಿಸಬೇಕು. ಕಂಪನಿಯ ಕೈಪಿಡಿ ಹೇಳಿದ ಮಿತಿಯೊಳಗೆ ಸವೆತವಿದ್ದರೆ ಹೋನ್ ಮಾಡಿಸಿ ಅದೇ ಸೈಜಿನ ರಿಂಗು ಹಾಕಬಹುದು. ಮಿತಿ ಮೀರಿದ್ದರೆ ಬೋರು ಮಾಡಿಸಬೇಕು. ಮಾಡಿಸಿ ಮಾಡಿಸಿ ಕೊನೆಯ ಸೈಜೂ ಮುಗಿದಿದ್ದರೆ ಸ್ಲೀವು ಹಾಕಿಸಿ ಸ್ಟ್ಯಾಂಡರ್ಡ್‌ಗೆ ಹಿಂದಿರುಗಬೇಕು.

ಇಲ್ಲಿ ಸೈಜು ಎಂದರೆ ಅಂಗುಲದ ಸಾವಿರದೊಂದು ಭಾಗದ ಲೆಕ್ಕ. ಹತ್ತು ಸೈಜೆಂದರೆ ಸುಮಾರು ಕಾಲು ಮಿಲಿಮೀಟರು. ಸಿಲಿಂಡರು ಪ್ರತಿ ಸಲವೂ ಅಗಲವಾಗುತ್ತದೆ, ಆದ್ದರಿಂದ ಪಿಸ್ಟನ್ನು ದೊಡ್ಡದಾಗಬೇಕು. ಕ್ರ್ಯಾಂಕು ಪ್ರತಿ ಸಲವೂ ಸಣ್ಣಗಾಗುತ್ತದೆ, ಆದ್ದರಿಂದ ಬೇರಿಂಗಿನ ಒಳಅಳತೆ ಸಣ್ಣದಾಗಬೇಕು. ಇವೆರಡಕ್ಕೂ ಅಂಗಡಿಯಲ್ಲಿ ಹತ್ತು, ಇಪ್ಪತ್ತು ಎಂಬ ಒಂದೇ ಹೆಸರಿರುವುದರಿಂದ ಹೊಸಬರು ಗಲಿಬಿಲಿಗೊಳ್ಳುತ್ತಾರೆ. ಬೋರು 20 ಆಯಿತೆಂದು ಬೇರಿಂಗೂ 20 ಕೇಳಿದವರನ್ನು ನಾವು ಕಂಡಿದ್ದೇವೆ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿಲ್ಲ. ಹಳೆಯ ಬೇರಿಂಗು ಚಿಪ್ಪಿನ ಬೆನ್ನಿನ ಮೇಲೆ ಅದರ ಸೈಜು ಒತ್ತಿರುತ್ತದೆ. ಅದನ್ನು ಎಸೆಯದೆ ಜೊತೆಗೊಯ್ಯಿರಿ.

ಇನ್ನು ಮುಖ್ಯ ಮಾತು. ಅಳತೆಯಾದ ಕೂಡಲೇ ಬ್ಲಾಕನ್ನು ಬೋರಿಗೂ ಕ್ರ್ಯಾಂಕನ್ನು ಗ್ರೈಂಡಿಂಗಿಗೂ ಕೊಟ್ಟು ಬರುವುದು ಅವಸರ. ತಯಾರಿಕೆ ನಿಂತ ಗಾಡಿಗೆ ಎಲ್ಲ ಸೈಜಿನ ಸಾಮಾನೂ ಎಲ್ಲ ಕಾಲದಲ್ಲೂ ಸಿಗುವುದಿಲ್ಲ. ಲೇತಿನವರು ಕ್ರ್ಯಾಂಕನ್ನು 30ಕ್ಕೆ ಇಳಿಸಿಕೊಟ್ಟ ಮೇಲೆ, 30ರ ಬೇರಿಂಗು ಎಲ್ಲಿಯೂ ಇಲ್ಲವೆಂದು ತಿಳಿದರೆ ಮಾಡುವುದೇನು? ತೆಗೆದ ಲೋಹ ಮತ್ತೆ ಬಂದು ಕೂರುವುದಿಲ್ಲ. ಆದುದರಿಂದ ಅಳತೆಯ ಚೀಟಿ ಹಿಡಿದು ಅಂಗಡಿಗೆ ಹೋಗಿ, ಯಾವ ಸೈಜಿನ ಬೇರಿಂಗು ಸಿಗುತ್ತದೆಂದು ನೋಡಿ, ಅದನ್ನು ಕೈಗೆ ತೆಗೆದುಕೊಂಡ ಮೇಲೆಯೇ ಗ್ರೈಂಡಿಂಗು. ಪಿಸ್ಟನ್ನೂ ಹಾಗೆಯೇ. ನಾಲ್ಕು ಪಿಸ್ಟನ್ನುಗಳನ್ನೂ ಬೋರು ಮಾಡುವವರ ಕೈಗೆ ಕೊಟ್ಟು, ಅವನ್ನೇ ಅಳೆದು ಅವಕ್ಕೆ ತಕ್ಕ ಹಾಗೆ ಬೋರು ಮಾಡಿರೆಂದು ಹೇಳಬೇಕು. ಡಬ್ಬಿಯ ಮೇಲಿನ ಅಂಕಿಯನ್ನು ನಂಬಿ ಮಾಡುವ ಬೋರು ಬಿಗಿಯಾದರೆ ಪಿಸ್ಟನ್ನು ಹಿಡಿಯುತ್ತದೆ, ಸಡಿಲವಾದರೆ ಹೊಗೆ ಮೊದಲಿನಂತೆಯೇ.

ಯಾವುದು ಹೊಸದು, ಯಾವುದು ಹಳೆಯದು ಎಂಬುದರಲ್ಲಿ ನಮ್ಮಲ್ಲಿ ಎರಡು ಪಂಗಡಗಳಿವೆ. ಎಲ್ಲವನ್ನೂ ಹೊಸದು ಹಾಕಬೇಕೆಂಬುದು ಅಂಗಡಿಯವರ ಪಂಗಡ. ಹಳೆಯ ಗಾಡಿಗೆ ಅಗ್ಗದ ಸಾಮಾನು ಸಾಕೆಂಬುದು ನೆಂಟರಿಷ್ಟರ ಪಂಗಡ. ನಾವು ಎರಡಕ್ಕೂ ಸೇರಿದವರಲ್ಲ. ರಿಂಗು, ಬೇರಿಂಗು, ಹೆಡ್ ಗ್ಯಾಸ್ಕೆಟ್ಟು ಮತ್ತು ಉಳಿದ ಗ್ಯಾಸ್ಕೆಟ್ಟುಗಳು, ಆಯಿಲ್ ಸೀಲುಗಳು, ಟೈಮಿಂಗ್ ಚೈನು, ಕನೆಕ್ಟಿಂಗ್ ರಾಡಿನ ಬೋಲ್ಟುಗಳು, ನೀರಿನ ಹೋಸುಗಳು, ಇವನ್ನು ಹೊಸದಾಗಿಯೇ, ಸಿಕ್ಕುವುದರಲ್ಲಿ ಉತ್ತಮವಾದುದನ್ನೇ ಹಾಕತಕ್ಕದ್ದು. ಒಂದು ಬೋಲ್ಟು ಉಳಿಸಿದ ದುಡ್ಡು ಎಷ್ಟಾದೀತು? ಅದೇ ಬೋಲ್ಟು ಕಿತ್ತರೆ ರಾಡು ಬ್ಲಾಕನ್ನು ತೂತು ಮಾಡಿಕೊಂಡು ಹೊರಗೆ ಬರುತ್ತದೆ. ಆದರೆ ಕ್ಯಾಮ್ ಶಾಫ್ಟು, ರಾಡುಗಳು, ಪುಷ್ ರಾಡುಗಳು ಅಳತೆಯಲ್ಲಿ ಸರಿಯಿದ್ದರೆ ಹಳೆಯವೇ ಇರಲಿ. ಆ ಕಾಲದ ಒಳ್ಳೆಯ ಉಕ್ಕಿನ ಭಾಗವನ್ನು ತೆಗೆದು ಎಲ್ಲಿಯದೋ ಹೊಸದನ್ನು ಹಾಕಿ ಕೆಟ್ಟವರೂ ಇದ್ದಾರೆ. ಆಯಿಲ್ ಪಂಪಿನ ವಿಷಯದಲ್ಲಿ ಮಾತ್ರ ಸಂಶಯ ಬಂದರೆ ಹೊಸದೇ ಸರಿ. ಕ್ಯಾಮು ಹೊಸದಾದರೆ ಟ್ಯಾಪೆಟ್ಟುಗಳೂ ಹೊಸದಾಗಬೇಕು; ಹಳೆಯದೇ ಉಳಿದರೆ ಪ್ರತಿಯೊಂದು ಟ್ಯಾಪೆಟ್ಟೂ ತಾನಿದ್ದ ಗೂಡಿಗೇ ಹೋಗಬೇಕು.

ರಾಡಿನ ಕ್ಯಾಪುಗಳೂ ಹೀಗೆಯೇ. ನಮ್ಮ ಹೇಮಾವತಿ ನೊಳಂಬರ ರಾಜಧಾನಿಯಾಗಿ ಹೆಂಜೇರು ಎನಿಸಿಕೊಂಡಿದ್ದ ಊರು. ಆ ನೊಳಂಬರ ಕೆತ್ತನೆಯ ಕಂಬಗಳು ದೂರದ ತಂಜಾವೂರು ಸೀಮೆಯ ತಿರುವಯ್ಯಾರಿನ ಗುಡಿಯಲ್ಲಿ ಚೆನ್ನಾಗಿಯೇ ನಿಂತಿವೆ. ಕಲ್ಲುಕಂಬವಾದರೆ ಒಂದು ಗುಡಿಯಿಂದ ಇನ್ನೊಂದಕ್ಕೆ ಹೋಗಿ ನಿಂತೀತು; ಎರಡನೆಯ ರಾಡಿನ ಕ್ಯಾಪು ಮೂರನೆಯ ರಾಡಿಗೆ ಕೂರುವುದಿಲ್ಲ. ರಾಡನ್ನೂ ಕ್ಯಾಪನ್ನೂ ಜೋಡಿಸಿಯೇ ಕೊರೆದಿರುತ್ತಾರೆ. ಬಿಚ್ಚುವಾಗಲೇ ಒಂದು, ಎರಡು, ಮೂರು, ನಾಲ್ಕೆಂದು ಗುರುತು ಹಾಕಿಕೊಳ್ಳಿರಿ.

ನಕಲಿ ಸಾಮಾನಿನ ಕಾಟವನ್ನು ಹೇಳದೆ ಬಿಡುವಂತಿಲ್ಲ. ಬೆಂಗಳೂರಿನಲ್ಲಿ 1951ರಲ್ಲಿ ಹುಟ್ಟಿದ ಮೈಕೊ ಕಂಪನಿ 2008ರಲ್ಲಿ ಬಾಷ್ ಎಂದು ಹೆಸರು ಬದಲಾಯಿಸಿಕೊಂಡಿತು. ಇಂದಿಗೂ ಹಳೆಯ ಮೆಕ್ಯಾನಿಕ್ಕುಗಳು ಮೈಕೊ ನಾಜಲ್ಲು ಎಂದೇ ಕೇಳುತ್ತಾರೆ. ಹೆಸರಿಗೆ ಬೆಲೆಯಿರುವ ಕಡೆ ಹೆಸರಿನ ಕಳ್ಳರೂ ಇರುತ್ತಾರೆ. ಡಬ್ಬಿಯ ಬಣ್ಣ ನೋಡಿ ಕೊಳ್ಳಬೇಡಿರಿ. ಅಂಗಡಿಯಲ್ಲೇ ಡಬ್ಬಿ ತೆರೆಸಿ, ಡಬ್ಬಿಯ ಮೇಲಿನ ನಂಬರೂ ಸಾಮಾನಿನ ಮೇಲಿನ ನಂಬರೂ ಒಂದೇ ಆಗಿವೆಯೇ ನೋಡಿ, ನಾಲ್ಕು ಪಿಸ್ಟನ್ನುಗಳನ್ನು ತಕ್ಕಡಿಯಲ್ಲಿಟ್ಟು ತೂಗಿಸಿರಿ. ಅಂಗಡಿಯವರು ನಕ್ಕರೆ ನಗಲಿ, ಒಂದೇ ಸೆಟ್ಟಿನ ಪಿಸ್ಟನ್ನುಗಳ ತೂಕದಲ್ಲಿ ಎದ್ದು ಕಾಣುವ ವ್ಯತ್ಯಾಸ ಇರಕೂಡದು. ಬಿಲ್ಲು ಬೇಡವೆಂದರೆ ಕಡಮೆ ಮಾಡಿಕೊಡುತ್ತೇವೆ ಎಂಬ ಮಾತಿಗೆ ಮರುಳಾಗಬೇಡಿರಿ. 2025ರ ಸೆಪ್ಟೆಂಬರ್ 22ರಿಂದ ಮೋಟಾರು ಬಿಡಿಭಾಗಗಳ ಜಿ.ಎಸ್.ಟಿ. ನೂರಕ್ಕೆ 18, ಮುಂಚೆ ಹಲವಕ್ಕೆ 28 ಇತ್ತು. ಬಿಲ್ಲಿಲ್ಲದ ಸಾಮಾನನ್ನು ಶಿರಾದಿಂದ ಹೇಮಾವತಿಗೆ ತಂದು, ಸೈಜು ತಪ್ಪಿತೆಂದು ಮತ್ತೆ ಗಡಿ ದಾಟಿ ಹೋದರೆ, ನೀವು ಯಾರೆಂದೇ ಅವರು ಕೇಳಿಯಾರು. ಸೀಲು ಒಡೆಯದೆ ಇಷ್ಟು ದಿನದೊಳಗೆ ಹಿಂದಕ್ಕೆ ತಂದರೆ ಬದಲಿಸಿಕೊಡುವುದಾಗಿ ಬಿಲ್ಲಿನ ಮೇಲೆಯೇ ಬರೆಯಿಸಿಕೊಳ್ಳುವುದು ಮೇಲು. ಹಾಗೆ ಬರೆದುಕೊಡುವ ಅಂಗಡಿಗೆ ನೂರು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ.

ಇಷ್ಟು ತಲೆನೋವೇಕೆ, ಹಳೆಯ ಗಾಡಿಯೊಂದರ ಎಂಜಿನನ್ನೇ ಪೂರ್ತಿ ತಂದು ಕೂರಿಸಿಬಿಡೋಣ ಎನ್ನುವವರೂ ಉಂಟು. ಆಗಬಹುದು, ಆದರೆ ಆ ಎಂಜಿನಿನ ಹೊಟ್ಟೆಯೊಳಗೆ ಏನಿದೆಯೆಂದು ಬಲ್ಲವರಾರು? ಅಲ್ಲದೆ ಎಂಜಿನು ನಂಬರು ಬದಲಾದರೆ ಸಾರಿಗೆ ಕಚೇರಿಗೆ ತಿಳಿಸಿ ಆರ್.ಸಿ.ಯಲ್ಲಿ ಬರೆಯಿಸಲೇಬೇಕು. ಬಿಲ್ಲಿಲ್ಲದೆ ತಂದ ಎಂಜಿನು ಕಳವಿನದೆಂದು ಹೊರಬಿದ್ದರೆ, ತೆಲುಗಿನ ಅರ್ಜಿ ಹಿಡಿದು ಠಾಣೆಗೂ ಕಚೇರಿಗೂ ಅಲೆಯುವವರು ನಾವೇ.

ಜೋಡಿಸುವ ದಿನ ರಿಂಗನ್ನು ಪಿಸ್ಟನ್ನಿಗೆ ತೊಡಿಸುವ ಮುಂಚೆ ಅದರದೇ ಸಿಲಿಂಡರಿನೊಳಗೆ ನೇರವಾಗಿ ಇಳಿಸಿ, ಬಾಯಿಯ ಸಂದನ್ನು ಫೀಲರ್ ಗೇಜಿನಿಂದ ನೋಡಿರಿ. ಕೈಪಿಡಿಯ ಅಂಕಿ ಸಿಗದವರು ಬೋರಿನ ಅಂಗುಲಕ್ಕೆ ಮೂರು ನಾಲ್ಕು ಸಾವಿರಾಂಶವೆಂದು ಹಿಡಿಯುವುದು ರೂಢಿ. ನಮ್ಮ ಗಾಡಿಯ ಬೋರಿಗೆ ಅದು ಹತ್ತರ ಆಸುಪಾಸು. ಸಂದೇ ಇಲ್ಲದಿದ್ದರೆ ಕಾದಾಗ ರಿಂಗು ಹಿಗ್ಗಿ ಮುರಿಯುತ್ತದೆ. ಓಡಿಸತೊಡಗಿದ ಮೇಲೆ 500 ಕಿಲೋಮೀಟರಿಗೆ ಆಯಿಲನ್ನೂ ಫಿಲ್ಟರನ್ನೂ ಬದಲಾಯಿಸಿ, ಆ ಆಯಿಲನ್ನು ಬಿಳಿಯ ತಟ್ಟೆಯೊಂದಕ್ಕೆ ಸುರಿದು ಬಿಸಿಲಿನಲ್ಲಿ ನೋಡಿರಿ. ಹೊಳೆಯುವ ಚೂರು ಕಂಡರೆ ಗಾಡಿಯನ್ನು ಅಲ್ಲಿಗೇ ನಿಲ್ಲಿಸಬೇಕು. ಬಿಲ್ಲು, ಅಳತೆಯ ಚೀಟಿ, ಹಳೆಯ ಬೇರಿಂಗು ಚಿಪ್ಪುಗಳು, ಇವಿಷ್ಟನ್ನೂ ಒಂದು ಡಬ್ಬಿಯಲ್ಲಿ ಹಾಕಿ, ಯಾವ ಸೈಜು ಹಾಕಿದೆವೆಂದು ಮುಚ್ಚಳದ ಮೇಲೆ ಬರೆದು ಗಾಡಿಯ ಕಾಗದಪತ್ರಗಳ ಜೊತೆಗೆ ಇಟ್ಟುಬಿಡಿರಿ. ನಾಳೆ ಆ ಗಾಡಿ ಮಗನ ಕೈಗೆ ಹೋದರೂ, ಕೊಂಡವರ ಕೈಗೆ ಹೋದರೂ, ಅವರು ನಮ್ಮ ಹಾಗೆ ಮಸಿ ಕೆರೆದು ತಿಳಿಯಬೇಕಾಗಿಲ್ಲ.