ಉಪವಾಸವೂ ಹಸಿವೂ ಒಂದೇ ಅಲ್ಲ



ಕಳೆದ ತಿಂಗಳು ಜಡೆಯಲ್ಲಿ ನಡೆದ ಮದುವೆಯೊಂದರಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಸಿಕ್ಕಿದ್ದ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿ. ಮದುವೆಗೆ ಮುನ್ನ ಸಂಸಾರಸಮೇತ ಶರಾವತಿ ಹಿನ್ನೀರಿನ ದಂಡೆಯಲ್ಲಿ ಎರಡು ದಿನ ತಂಗಿ ಬಂದಿದ್ದನಂತೆ. “ಸರ್, ನಾವಿದ್ದ ಕಡೆ ನೆಟ್‌ವರ್ಕೇ ಇರಲಿಲ್ಲ. ಎಂಥ ನೆಮ್ಮದಿ! ಅಲ್ಲೆಲ್ಲ ಟವರ್ ಹಾಕಲೇಬಾರದು ನೋಡಿ” ಎಂದ. ಪಂಕ್ತಿಯಲ್ಲಿ ಊಟಕ್ಕೆ ಕುಳಿತಿದ್ದೆವು. ಅಲ್ಲಿ ವಾದ ಬೇಡವೆಂದು ನಕ್ಕು ಸುಮ್ಮನಾದೆ. ಅಂದು ನುಂಗಿಕೊಂಡ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅವನೂ ಇದನ್ನು ಓದುತ್ತಾನೆಂದು ಬಲ್ಲೆ.

ಮಗೂ, ನೀನು ನೋಡಿ ಮೆಚ್ಚಿದ ಆ ಜಲರಾಶಿ ನಿಸರ್ಗವು ಕೊಟ್ಟ ಸರೋವರವಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಊರು, ಗದ್ದೆ, ತೋಟ, ದೇವಸ್ಥಾನಗಳನ್ನು ಮುಳುಗಿಸಿ ನಿಂತ ನೀರು ಅದು. ನಾಡಿನ ದೀಪ ಉರಿಯಲೆಂದು ನೆಲ ಬಿಟ್ಟುಕೊಟ್ಟವರಲ್ಲಿ ಅನೇಕರ ಮಕ್ಕಳು ವರ್ಷಗಟ್ಟಲೆ ಚಿಮಣಿ ಬುಡ್ಡಿಯ ಬೆಳಕಿನಲ್ಲಿ ಓದಿದರು. ತುಮರಿ ಸೀಮೆಯವರಿಗೆ ಸಾಗರದ ಆಸ್ಪತ್ರೆಗೆ ಬರಲು ಲಾಂಚೇ ಗತಿಯಾಗಿತ್ತು. ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಒಂದು ಸೇತುವೆಗಾಗಿ ಅರವತ್ತೊಂದು ವರ್ಷ ಕಾದ ಜನರಿಗೆ, ನಿನ್ನ ಎರಡು ದಿನದ ವಿಶ್ರಾಂತಿಗಾಗಿ ಇನ್ನಷ್ಟು ಕಾಯಿರಿ ಎಂದು ಹೇಳುವ ಅಧಿಕಾರವನ್ನು ನಮಗೆ ಕೊಟ್ಟವರು ಯಾರು?

2020 ಮತ್ತು 2021ರಲ್ಲಿ ಕೊರೊನಾದಿಂದಾಗಿ ಶಾಲೆಗಳು ಮುಚ್ಚಿದಾಗ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದರು. ಸುಳ್ಯ ತಾಲ್ಲೂಕಿನಲ್ಲಿ ಸುರಿಯುವ ಮಳೆಯಲ್ಲಿ ರಸ್ತೆಬದಿ ಕುಳಿತು ಓದುತ್ತಿದ್ದ ಮಗಳಿಗೆ ತಂದೆಯೊಬ್ಬರು ಕೊಡೆ ಹಿಡಿದು ನಿಂತ ಚಿತ್ರವನ್ನು ನೀವೆಲ್ಲ ಪತ್ರಿಕೆಗಳಲ್ಲಿ ಕಂಡಿರಬೇಕು. ಅದೇ 2021ರಲ್ಲಿ ಶರಾವತಿ ಹಿನ್ನೀರಿನ ಹಳ್ಳಿಗಳವರು ‘ನೋ ನೆಟ್‌ವರ್ಕ್, ನೋ ವೋಟಿಂಗ್’ ಎಂಬ ಅಭಿಯಾನ ಹೂಡಿದರು. ಮತದಾನವನ್ನು ಬಹಿಷ್ಕರಿಸುವುದು ಸರಿಯೆಂದು, ತರಗತಿಯಲ್ಲಿ ಪೌರನೀತಿ ಬೋಧಿಸಿದ ನಾನು ಹೇಳಲಾರೆ. ಆದರೆ ತನ್ನ ಬಳಿ ಉಳಿದಿರುವ ಒಂದೇ ಒಂದು ಬೆಲೆಬಾಳುವ ವಸ್ತುವನ್ನು ಅಡವಿಡಲು ಹೊರಟವನ ಸಂಕಟವನ್ನು ಅರಿಯದೆ ಅವನಿಗೆ ಉಪದೇಶ ಮಾಡುವುದು ಅದಕ್ಕಿಂತ ದೊಡ್ಡ ತಪ್ಪು.

ಇದು ಭೋಗದ ಪ್ರಶ್ನೆಯೂ ಅಲ್ಲ. ನ್ಯಾಯಬೆಲೆ ಅಂಗಡಿಯಲ್ಲಿ ಅಕ್ಕಿ ಪಡೆಯಲು ಬೆರಳಚ್ಚು ಬೇಕು. ಆ ಯಂತ್ರಕ್ಕೆ ಅಂತರ್ಜಾಲ ಬೇಕು. 2023ರ ಜನವರಿಯಿಂದ ಉದ್ಯೋಗ ಖಾತರಿ ಕೂಲಿಕಾರರ ಹಾಜರಾತಿಯನ್ನು ಮೊಬೈಲ್ ಆ್ಯಪ್‌ನಲ್ಲೇ ದಾಖಲಿಸುವುದನ್ನು ಸರ್ಕಾರ ಕಡ್ಡಾಯಗೊಳಿಸಿತು. ವಿದ್ಯಾರ್ಥಿವೇತನದ ಅರ್ಜಿಯೂ ಅಂತರ್ಜಾಲದಲ್ಲೇ. ಒಂದು ಕೈಯಿಂದ ಕಡ್ಡಾಯ ಮಾಡಿ ಇನ್ನೊಂದು ಕೈಯಿಂದ ಸೌಲಭ್ಯ ಕೊಡದಿರುವುದು ಯಾವ ನ್ಯಾಯ? ಅಂತರ್ಜಾಲ ಬಳಸುವ ಹಕ್ಕು ಶಿಕ್ಷಣದ ಹಕ್ಕಿನ ಭಾಗವೆಂದು ಕೇರಳ ಹೈಕೋರ್ಟು 2019ರಲ್ಲಿಯೇ ತೀರ್ಪು ಕೊಟ್ಟಿದೆ.

“ಮೊಬೈಲಿನಿಂದ ಮಕ್ಕಳು ಕೆಡುತ್ತಾರಲ್ಲ ಮೇಷ್ಟ್ರೇ?” ಎನ್ನುವವರಿದ್ದಾರೆ. ಕೆಡುತ್ತಾರೆ, ನಾನೂ ಕಂಡಿದ್ದೇನೆ. ಆದರೆ ಏಕಾದಶಿಯ ಉಪವಾಸ ಬೇರೆ, ಅಕ್ಕಿಯಿಲ್ಲದ ಮನೆಯ ಹಸಿವು ಬೇರೆ. ಇದ್ದುದನ್ನು ತಾನಾಗಿ ಬಿಟ್ಟರೆ ಅದು ವ್ರತ. ಇಲ್ಲದ್ದರಿಂದ ಬಿಟ್ಟರೆ ದಾರಿದ್ರ್ಯ. ನೆಮ್ಮದಿ ಬೇಕಾದ ಪ್ರವಾಸಿಗನ ಫೋನಿನಲ್ಲಿ ಅದನ್ನು ಆರಿಸುವ ಗುಂಡಿಯಿದೆ. ಹಾವು ಕಚ್ಚಿದ ಮಗುವನ್ನು ಮಡಿಲಲ್ಲಿಟ್ಟುಕೊಂಡ ತಾಯಿಯ ಫೋನಿನಲ್ಲಿ ಇಲ್ಲದ ನೆಟ್‌ವರ್ಕನ್ನು ತರಿಸುವ ಗುಂಡಿ ಯಾವುದೂ ಇಲ್ಲ.

“ಜನ ಕಡಿಮೆ, ಲಾಭವಿಲ್ಲ” ಎಂಬುದು ಇನ್ನೊಂದು ವಾದ. ಇದಕ್ಕೆಂದೇ 2002ರಲ್ಲಿ ದೂರಸಂಪರ್ಕ ಕಂಪನಿಗಳ ಆದಾಯದ ಮೇಲೆ ಶೇಕಡಾ 5ರ ವಂತಿಗೆ ವಿಧಿಸಿ ಸಾರ್ವತ್ರಿಕ ಸೇವಾ ನಿಧಿಯನ್ನು ಆರಂಭಿಸಲಾಯಿತು. 2023ರ ಕಾಯ್ದೆ ಅದಕ್ಕೆ ‘ಡಿಜಿಟಲ್ ಭಾರತ ನಿಧಿ’ ಎಂದು ಹೆಸರಿಟ್ಟಿತು. 2022ರ ಜುಲೈನಲ್ಲಿ ಕೇಂದ್ರ ಸಂಪುಟವು ಸಂಪರ್ಕವಿಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸಲು 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಆದ್ದರಿಂದ ಹಣವಿಲ್ಲವೆಂಬ ಮಾತನ್ನು ಒಪ್ಪಲಾಗದು.

ಕಾಡಿನ ಪ್ರಶ್ನೆ ಮಾತ್ರ ನಿಜವಾದದ್ದು. ಹಿನ್ನೀರಿನ ಒಂದು ಪಾರ್ಶ್ವ ಶರಾವತಿ ಕಣಿವೆಯ ಅಭಯಾರಣ್ಯ. ಅಲ್ಲಿ ಮನಬಂದಂತೆ ಗೋಪುರ ನಿಲ್ಲಿಸಬೇಕೆಂದು ನಾನು ಹೇಳುತ್ತಿಲ್ಲ. ಈ ಅಲೆಗಳ ಆವರ್ತಾಂಕ ಹೆಚ್ಚಿದಷ್ಟೂ ಗುಡ್ಡವನ್ನು ಬಳಸಿ ಬಾಗುವ ಶಕ್ತಿ ಕಡಿಮೆಯಾಗುತ್ತದೆ. ಒದ್ದೆ ಎಲೆಗಳೂ ಅವನ್ನು ಹೀರುತ್ತವೆ. ಕಣಿವೆಯ ಊರುಗಳಿಗೆ ದೂರದ ಒಂದು ಎತ್ತರದ ಗೋಪುರ ಸಾಲದಿರುವುದು ಇದರಿಂದಲೇ. ಆದರೆ ರಸ್ತೆಯಂಚಿನಲ್ಲಿಯೇ ದೃಕ್‌ತಂತು ಎಳೆದು ಶಾಲೆ, ಅಂಚೆ ಕಚೇರಿ, ಗ್ರಾಮ ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿ ವೈ-ಫೈ ಕೊಡಲು ಒಂದು ಮರವನ್ನೂ ಕಡಿಯಬೇಕಿಲ್ಲ. 2020ರ ಡಿಸೆಂಬರ್‌ನಲ್ಲಿ ಒಪ್ಪಿಗೆ ಪಡೆದ ಪಿಎಂ-ವಾಣಿ ಯೋಜನೆಯಲ್ಲಿ ಗೂಡಂಗಡಿಯವನೂ ಪರವಾನಗಿ ಶುಲ್ಕವಿಲ್ಲದೆ ವೈ-ಫೈ ಹಂಚಬಹುದು. ಜೊತೆಗೆ, ಮಳೆಗಾಲದಲ್ಲಿ ವಿದ್ಯುತ್ ಹೋದಾಗಲೂ ನಡೆಯುವಂತೆ ಬ್ಯಾಟರಿಯಿರಬೇಕು. ಕರೆಂಟಿನೊಡನೆ ಸಾಯುವ ಗೋಪುರ ಬರಿಯ ಕಬ್ಬಿಣ.

ಹಿನ್ನೀರಿನ ಬದಿಗೆ ಹೋಗುವ ನನ್ನ ಶಿಷ್ಯರಲ್ಲಿ ಒಂದೇ ಬೇಡಿಕೆ. ತಂಗುದಾಣದಲ್ಲಿ ವೈ-ಫೈ ಇದೆಯೇ ಎಂದು ಕೇಳುವ ಮುನ್ನ, ಅಲ್ಲಿಯ ಶಾಲೆಯಲ್ಲಿ ಇದೆಯೇ ಎಂದು ಕೇಳಿ. ಇಲ್ಲವಾದರೆ ನಿಮಗೆ ಬರೆಯಲು ಬರುತ್ತದೆ, ಅರ್ಜಿಯ ಭಾಷೆ ಗೊತ್ತಿದೆ, ಕಲಿಸಿದವನು ನಾನೇ. ಎರಡು ಸಾಲು ಬರೆದು ಸಂಬಂಧಪಟ್ಟವರಿಗೆ ಕಳುಹಿಸಿ. ಆಮೇಲೆ ಬೇಕಾದರೆ ಫೋನು ಆರಿಸಿ, ನೀರಿನ ಬದಿಯಲ್ಲಿ ಕುಳಿತು ಸೂರ್ಯಾಸ್ತವನ್ನು ನೋಡಿ. ನನ್ನ ಅಭ್ಯಂತರವಿಲ್ಲ.